ದುರುಗವ್ವನ ಅಲಸಂದೆಯಲ್ಲಿ ನನ್ನ ಹರಳು

೧೨ ಫೆಬ್ರವರಿ ೧೯೬೧, ಭಾನುವಾರ. ಭಾನುವಳ್ಳಿ.

ಕಣ್ಣು ಉರಿಯುತ್ತಿವೆ, ಸೊಂಟ ಹಿಡಿದಿದೆ. ಅಕ್ಕನ ಮಗಳ ಬಾಣಂತನಕ್ಕೆ ಹರಳೆಣ್ಣೆ ಬೇಕೆಂದು, ಹಿತ್ತಲಲ್ಲಿ ಕೊಯ್ದಿಟ್ಟಿದ್ದ ಹರಳಿನ ಮುಳ್ಳುಕಾಯಿಗಳನ್ನು ಬೆಳಗ್ಗೆ ಅಂಗಳದಲ್ಲಿ ಒಣಹಾಕಿದೆ.

"ಮೇಲೆ ಗೋಣಿ ಹೊದಿಸೋ, ಬಿಸಿಲಿಗೆ ಸಿಡೀತಾವೆ" ಅಂದಳು ಅಕ್ಕ.

"ಹರಳಿನ ವಿದ್ಯೆ ನನಗೆ ಕಲಿಸ್ಬ್ಯಾಡ" ಎಂದು ಹೋಗಿ ಮಲಗಿದೆ.

ಮಧ್ಯಾಹ್ನ ಕಾಯಿಗಳು ಪಟಪಟ ಸಿಡಿದು, ಬೀಜಗಳು ಪಕ್ಕದ ಮನೆಯ ದುರುಗವ್ವ ಚಾಪೆಯ ಮೇಲೆ ಹರವಿದ್ದ ಅಲಸಂದೆ ಕಾಳಿನೊಳಗೆ ಹಾರಿಬಿದ್ದವು. ನಮ್ಮದು ಸಣ್ಣ ಹರಳು, ಅವಳದು ಚುಕ್ಕಿ ಅಲಸಂದೆ; ಎರಡಕ್ಕೂ ಹೆಚ್ಚುಕಮ್ಮಿ ಅದೇ ಬಣ್ಣ, ಅದೇ ಗಾತ್ರ. ಹರಳು ಮಾತ್ರ ಹೊಟ್ಟೆಗೆ ಹೋದರೆ ವಿಷ.

"ನಿಮ್ಮ ವಿದ್ಯೆ ನಮ್ಮ ಸಾರಿಗೇ ಬಂತಲ್ರಿ ಮಾವ. ಎಲ್ಲಾ ತಿಪ್ಪೆಗುಂಡಿಗೆ ಹಾಕ್ತೀನಿ" ಎಂದಳು ದುರುಗವ್ವ.

"ಬ್ಯಾಡವ್ವ, ಒಂದೂ ಬಿಡದಂಗೆ ಆರಿಸ್ತೀನಿ. ನಾಳೆ ಮೊದಲ್ನೇ ಬಟ್ಟಲು ನಾನೇ ಉಣ್ತೀನಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿಬಿಟ್ಟೆ.

ದೀಪ ಹಚ್ಚುವವರೆಗೂ ಆರಿಸಿದೆ. ಕಡೆಕಡೆಗೆ ಕಾಳು ಯಾವುದು, ಹರಳು ಯಾವುದು ಎಂದೇ ಕಾಣುತ್ತಿರಲಿಲ್ಲ. ಆದರೂ "ಆಯ್ತು" ಎಂದು ಮೊರ ಕೊಟ್ಟು ಬಂದೆ.

ಮೊದಲನೆಯ ಬಟ್ಟಲಿಗೆ ನಾನು ಹೆದರುವವನಲ್ಲ. ಎರಡನೆಯದು ದುರುಗವ್ವನ ಮಗಳದು. ನಾಳೆ ಅವಳು ಒಲೆ ಹೊತ್ತಿಸುವ ಮುಂಚೆಯೇ ಹೋಗಿ, ತಿಪ್ಪೆಗೇ ಹಾಕವ್ವ, ನಮ್ಮ ಮನೆಯ ಕಾಳು ತಗೋ ಎನ್ನಬೇಕು. ಅಕ್ಕ ನಗುತ್ತಾಳೆ. ನಗಲಿ, ನನಗೀಗ ರೆಪ್ಪೆ ಮುಚ್ಚಿಕೊಂಡು ಬರುತ್ತಿದೆ.