ಸೋತವರು ತೊಡುವ ಅಂಗಿ

ಟ್ಯಾನರ್ಸ್ ಫೋರ್ಕ್, ಒಹಾಯೊ
ಭಾನುವಾರ

ಪ್ರಿಯ ಡೆಲ್ಬರ್ಟ್ ಅವರಿಗೆ,

ನಿನ್ನೆ ಬೆಳಗಿನ ಜಾವ ಆರ್ವಿಲ್ ತೀರಿಕೊಂಡರು.

ಶುಕ್ರವಾರ ನಮ್ಮೂರು-ನಿಮ್ಮೂರಿನ ಹೈಸ್ಕೂಲುಗಳ ಫುಟ್‌ಬಾಲ್ ಪಂದ್ಯವನ್ನು ಮಲಗಿದಲ್ಲೇ ರೇಡಿಯೊದಲ್ಲಿ ಕೇಳಿದರು. ಕೊನೆಗಳಿಗೆಯಲ್ಲಿ ನಿಮ್ಮ ಹುಡುಗರು ಗೆದ್ದಾಗ ಕಣ್ಣು ಮುಚ್ಚಿಕೊಂಡೇ ನಕ್ಕರು.

"ಆ ಡೆಲ್ಬರ್ಟ್ ಈಗ ಕುಣೀತಿರ್ತಾನೆ ಕಣೇ. ಮತ್ತೆ ಅವನ ದರಿದ್ರ ನೀಲಿ ಅಂಗಿ ಹಾಕ್ಕೊಂಡು ಚರ್ಚಿಗೆ ಹೋಗ್ಬೇಕಲ್ಲ ನಾನು."

ಎದುರಾಳಿಗಳಾಗಿ ನೀವಿಬ್ಬರೂ ಆಡಿದ ದಿನಗಳಿಂದ ಬಂದ ಪಂತ ಅದು. ಸೋತ ಊರಿನವನು ಮುಂದಿನ ಸಲ ಚರ್ಚಿಗೆ ಹೋಗುವಾಗ ಗೆದ್ದವನ ತಂಡದ ಅಂಗಿ ತೊಡಬೇಕು. ಇವರು ಒಮ್ಮೆಯೂ ತಪ್ಪಿಸಿಕೊಂಡವರಲ್ಲ.

ಗುರುವಾರ ಹತ್ತಕ್ಕೆ ಚರ್ಚಿನಲ್ಲಿ ಅಂತ್ಯಕ್ರಿಯೆ. ಅಂಗಿಯನ್ನು ಬುಧವಾರವೇ ಕಳಿಸಿಕೊಡಿ, ತೊಡಿಸಬೇಕು. ನಿಮ್ಮದು ಇವರಿಗೆ ಈಗ ದೊಗಳೆಯಾಗುತ್ತದೆ, ನಿಮ್ಮ ಮೊಮ್ಮಗನದು ಸಾಕು.

ಪ್ರತಿ ಸಲ ಒಗೆದು, ಇಸ್ತ್ರಿ ಮಾಡಿ ಹಿಂದಿರುಗಿಸುತ್ತಿದ್ದೆ. ಈ ಸಲ ಆಗುವುದಿಲ್ಲ.

ಇಂತಿ,
ಲೊರೇನ್