ಅಜ್ಜಮ್ಮನ ಒತ್ತು

ಜಗಳೂರು, ೪-೭-೧೯೭೮, ಮಂಗಳವಾರ

ನಾಲ್ಕನೇ ಕ್ಲಾಸಿನ ಕಾಪಿ ತಿದ್ದಿದ್ದೇ ತಿದ್ದಿದ್ದು. ಕೆಂಪು ಶಾಯಿ ಖಾಲಿ — ಮಕ್ಕಳ ತಪ್ಪಿಗೆ ನನ್ನ ಪೆನ್ನಿಗೆ ರಕ್ತಹೀನತೆ. ಕುರಿ ಸಾಕುವವರ ಮನೆ ಹುಡುಗಿ ಅಜ್ಜಮ್ಮ ಇವತ್ತೂ ತನ್ನ ಹೆಸರಿಗೇ ಒತ್ತು ಕೊಟ್ಟಿಲ್ಲ. 'ಅಜಮ'. ಬಿಡುವುದುಂಟೇ? "ಅಜ ಅಂದರೆ ಆಡು ಕಣಮ್ಮ! ಮನೇಲಿ ಕುರಿ, ಸ್ಕೂಲಲ್ಲಿ ಆಡು!" ಮ್ಯಾಂ... ಅಂತ ನಾನೇ ಸ್ವರ ಹಿಡಿದೆ. ನಲವತ್ತು ಮಕ್ಕಳ ಹಿಮ್ಮೇಳ. ಅವಳೂ ನಕ್ಕಳು. ನಕ್ಕಂತಿತ್ತು. ಸ್ಟಾಫ್ ರೂಮಿನಲ್ಲಿ ಮತ್ತೊಮ್ಮೆ ಹೇಳಿದೆ. ಹೆಡ್‌ಮಾಸ್ಟರ್ ಮುರುಗೇಶಪ್ಪನವರಿಗೆ ಟೀ ಮೂಗಿಗೇರಿತು. ಬಿ.ಎ. ಓದಿದ್ದು ಸಾರ್ಥಕ.

೧೭-೭, ಸೋಮವಾರ

ಅಜ್ಜಮ್ಮ ಹತ್ತು ದಿನದಿಂದ ಗೈರು. "ದಡ್ಡಿ, ಹೆಸರು ಹೊಡೆದು ಹಾಕ್ರಿ" ಅಂದರು ಹೆಡ್‌ಮಾಸ್ಟರ್. ಪೆನ್ನು ತೆಗೆದೆ. ಆಗಲಿಲ್ಲ.

ಅದೇ ದಿನ, ಸಂಜೆ ೭

ಅವರ ಹಟ್ಟಿಗೆ ಹೋಗಿ ಬಂದೆ. ಬಾಗಿಲ ಮುಂದೆ ಕೂತು ಹಸಿ ಮಣ್ಣಿನಲ್ಲಿ ಬೆರಳಾಡಿಸುತ್ತಿದ್ದಳು. ಅಜ್ಜಮ್ಮ. ಎರಡೂ ಒತ್ತು ಸಮೇತ! ಒತ್ತು ಬಂದಾಗ ಬೆರಳನ್ನು ಆಳಕ್ಕೆ ಒತ್ತುತ್ತಾಳೆ.

"ಕಾಪೀಲಿ ಯಾಕೆ ಹಿಂಗೆ ಬರೆಯಲ್ಲ?"

"ಹಾಳೆ ಮ್ಯಾಲೆ ಅಕ್ಷರ ಓಡಾಡ್ತಾವೆ ಸಾರ್. ಕೆಳಗಿನವು ಸಿಗಾದೇ ಇಲ್ಲ. ಮಣ್ಣಾಗೆ ಬೆರಳಿಗೆ ಗೊತ್ತಾಗ್ತೈತೆ."

ಒತ್ತು ಅಂದರೆ ಒತ್ತುವುದು. ಶ್ಲೇಷೆಯ ಸರದಾರನಿಗೆ ಇದೊಂದು ಹೊಳೆದಿರಲಿಲ್ಲ.

ತಾಯಿ ಸುಂಕಲಮ್ಮ ಮಜ್ಜಿಗೆ ಕೊಟ್ಟಳು. "ಯಾವನೋ ಹುಡುಗ ಮ್ಯಾಂ ಅಂತ ಆಡಿಕೊಂತಾನಂತೆ ಸಾರ್. ಯಾರೇ ಅಂದ್ರೆ ಇವಳು ಬಾಯೇ ಬಿಡಲ್ಲ. ನೀವೇ ಹಿಡಿದು ನಾಲ್ಕು ಬಿಡ್ರಿ."

ಅಜ್ಜಮ್ಮ ತಲೆ ಎತ್ತಲಿಲ್ಲ.

"ಆಗಲಮ್ಮ. ನಾಳೆಯಿಂದ ಕಳಿಸಿ" ಅಂದೆ. ಮಜ್ಜಿಗೆಯನ್ನೂ ಪೂರ್ತಿ ಕುಡಿದೆ. ಥೂ.

೧೮-೭

ಬಂದಳು. ತಟ್ಟೆಯಲ್ಲಿ ಒದ್ದೆ ಮರಳು ಇಟ್ಟುಕೊಟ್ಟೆ. ಮರಳಿ ಬಂದವಳಿಗೆ ಮರಳು... ನಾಲಗೆ ತುದಿಗೆ ಬಂತು. ನುಂಗಿದೆ.

೨೭-೭, ಗುರುವಾರ

ಮೊದಲು ಮರಳು, ಆಮೇಲೆ ಸ್ಲೇಟು. ಇವತ್ತು ಬೋರ್ಡಿಗೆ ಕರೆದೆ. ಹೆಸರು ಪೂರ್ತಿ ಬರೆದಳು. ಎರಡನೇ ಒತ್ತಿಗೆ ಸೀಮೆಸುಣ್ಣವೇ ಮುರಿಯಿತು. ಹಿಂದಿನ ಸಾಲಿಂದ "ಮ್ಯಾಂ". ಧರ್ಮಪ್ಪ. ಅವನ ಕಿವಿ ಹಿಡಿದೆ.

"ನೀವೇ ಹೇಳಿಕೊಟ್ಟಿದ್ದಲ್ಲೇನ್ರೀ ಸಾರ್?"

ಕಿವಿ ಬಿಟ್ಟೆ. "ಹೌದು. ನಾನೇ. ತಪ್ಪು ಹೇಳಿಕೊಟ್ಟೆ." ಕ್ಲಾಸಿಗೆಲ್ಲ ಕೇಳುವಂತೆ, ಒತ್ತಿ ಹೇಳಿದೆ. ಯಾರೂ ನಗಲಿಲ್ಲ.

ಬೆಲ್ ಆದ ಮೇಲೆ ಅಜ್ಜಮ್ಮ ಮೇಜಿನ ಹತ್ತಿರ ಬಂದಳು. "ಅವ್ವಗೆ ಹೇಳಬ್ಯಾಡ್ರಿ ಸಾರ್. ನೀವು ಅಂತ ಗೊತ್ತಾದ್ರೆ ಇಸ್ಕೂಲು ಬಿಡಿಸ್ತಾಳೆ."

ಗೇಟಿನಲ್ಲಿ ಸುಂಕಲಮ್ಮ ನಿಂತಿದ್ದಳು. ಕೈಯಲ್ಲಿ ನನಗೆಂದು ತಂದ ಮಜ್ಜಿಗೆ ಚೊಂಬು.

"ಆ ಹುಡುಗ ಸಿಕ್ಕನೇನ್ರೀ ಸಾರ್?"

ಸಿಕ್ಕ, ಅಂದೆ.

"ಯಾರವನು?"

ಅಜ್ಜಮ್ಮ ನನ್ನನ್ನೇ ನೋಡುತ್ತಿದ್ದಳು. "ಕ್ಲಾಸಿನ ಮುಂದೆ ತಪ್ಪು ಒಪ್ಪಿಕೊಂಡನಮ್ಮ, ಹೆಸರು ಬೇಡ" ಅಂದೆ, ಮಜ್ಜಿಗೆ ಚೊಂಬು ಮುಟ್ಟಲಿಲ್ಲ.