ಕಂಡಿಯ ಎದುರಿನ ಹೋಟೆಲಿನವರಿಗೆ

ತೆರೆಬೈಲು
ಫೆಬ್ರವರಿ 30, 2231

ಪೂಜ್ಯ ಅನಂತ ಹೊಳ್ಳರಿಗೆ, ನಿಮ್ಮ ವಂಶದವಳಾದ ನಾಗವೇಣಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಮೊದಲಿನಿಂದಲೂ ಆಗುತ್ತಿದ್ದ ಅನ್ಯಾಯವನ್ನು ನಮ್ಮ ಕಾಲದವರು ಸರಿಪಡಿಸಿದ್ದಾರೆ. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋಟೆಲಿನ ಮುಂದೆ ಕಡಲತೀರದ ರಸ್ತೆ ಕೆಲಸ ನಡೆಯುತ್ತಿದೆ, ಧೂಳಿಗೆ ಗಿರಾಕಿಗಳಿಲ್ಲ, ಬೆಳಗಾದರೆ ನೀವು ಗುತ್ತಿಗೆದಾರನಿಗೆ ಶಾಪ ಹಾಕುತ್ತಿದ್ದೀರಿ ಎಂಬುದು ನಮಗೆ ಗೊತ್ತು. ಆ ರಸ್ತೆ ಮುಗಿಯುತ್ತದೆ ಹೊಳ್ಳರೇ, ಇವತ್ತಿಗೂ ಗಟ್ಟಿಮುಟ್ಟಾಗಿದೆ. ಅದರ ಮೇಲೀಗ ತೇಲ್ಬಂಡಿಗಳು ಓಡುತ್ತವೆ, ಅಂದರೆ ನಿಮ್ಮ ಬಸ್ಸಿಗೆ ಈಜು ಬಂದರೆ ಹೇಗೋ ಹಾಗೆ. ಹೆಂಗಸರು ರಸ್ತೆಯಂಚಿನ ತಡೆಗೋಡೆಯ ಮೇಲೆ ಕಡಲಪಾಚಿ ಒಣಗಿಸುತ್ತಾರೆ. ಅದರ ಹಪ್ಪಳ ನಿಮ್ಮ ಹೋಟೆಲಿನಲ್ಲೇ ಖರ್ಚಾಗುತ್ತದೆ. ಹೌದು, ಹೋಟೆಲು ಉಳಿದಿದೆ. ಆ ಧೂಳಿನಲ್ಲೂ ಬಾಗಿಲು ಹಾಕದೆ ಕುಳಿತದ್ದಕ್ಕೆ ನಾವು ನಿಮಗೆ ಋಣಿಗಳು.

ಆದರೆ ಈ ಕಾಗದ ಬರೆದದ್ದು ಮೂಕಾಂಬು ಖಾರ್ವಿಯವರ ವಿಷಯವಾಗಿ. ದೋಣಿ ಎಳೆಯಲು ತಡೆಗೋಡೆಯಲ್ಲಿ ಬಿಟ್ಟ ಕಂಡಿಯನ್ನು ಮುಚ್ಚಲು ಬಂದವರ ಎದುರು ಮೀನುಬುಟ್ಟಿ ಕವುಚಿ ಕುಳಿತಿದ್ದಾರಲ್ಲ, ಅವರು. "ರಸ್ತಿ ನೀವ್ ಮಾಡ್ಕಣಿ, ದೋಣಿ ಎಳುಕ್ ದಾರಿ ಬಿಡಿ" ಎಂಬ ಅವರ ಮಾತು ಇಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ. ಅವರಿಂದಲೇ ಕೆಲಸ ನಿಂತಿತೆಂದು ನಿಮಗೆ ಸಿಟ್ಟು. ಅವರು ಗೆದ್ದರು, ಕಂಡಿ ಉಳಿಯಿತು. ನಮ್ಮಲ್ಲಿ ಹೋದ ಮಳೆಗಾಲದಲ್ಲಿ ಕಡಲು ಗೋಡೆ ಹಾರಿ ಊರೊಳಗೆ ನುಗ್ಗಿತು. ನನ್ನ ಮಗಳು ಪಲ್ಲವಿ ಶಾಲೆಯ ಜಗಲಿಯಲ್ಲಿ, ಕತ್ತಿನ ತನಕದ ನೀರಿನಲ್ಲಿ ಕಂಬ ಹಿಡಿದು ನಿಂತಿದ್ದಳು. ಇಳಿತ ಶುರುವಾದದ್ದೇ, ನೀರೆಲ್ಲ ಆ ಕಂಡಿಯಿಂದ ಹಿಂದಕ್ಕೆ ಹರಿಯಿತು. ಅದನ್ನು ಮುಚ್ಚಿದ್ದರೆ ನೀರು ನಿಲ್ಲುತ್ತಿತ್ತು, ಮಗಳು ಉಳಿಯುತ್ತಿರಲಿಲ್ಲ.

ಇಲ್ಲಿ ಪ್ರತಿ ಮನೆಯವರೂ ತಮ್ಮ ಹಿರಿಯರು ಮೂಕಾಂಬು ಜೊತೆ ಕಂಡಿಯಲ್ಲಿ ಕುಳಿತಿದ್ದರೆಂದು ಹೇಳಿಕೊಳ್ಳುತ್ತಾರೆ. ಎಲ್ಲರದ್ದೂ ನಿಜವಾಗಿದ್ದರೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಾನೂ ಪಲ್ಲವಿಗೆ ನಿಮ್ಮ ಹೆಸರು ಹೇಳಿದ್ದೇನೆ. ಆದರೆ ಆ ದಿನದ ಒಂದು ಫೋಟೋ ಉಳಿದಿದೆ. ಅದರಲ್ಲಿ ಕಂಡಿಯ ಬಳಿ ಮೂಕಾಂಬು ಒಬ್ಬರೇ ಕುಳಿತಿದ್ದಾರೆ. ಹಿಂದೆ, ಹೋಟೆಲಿನ ಬಾಗಿಲಲ್ಲಿ, ನೀವು ಕೈಕಟ್ಟಿ ನಿಂತಿದ್ದೀರಿ.

ನಿಮ್ಮನ್ನು ದೂರುತ್ತಿಲ್ಲ. ಈ ಕಾಗದ ನಿಮ್ಮ ಕೈಸೇರುವ ದಿನವೇ ಬೆಳಿಗ್ಗೆ ತೆಗೆದ ಫೋಟೋ ಅದು. ಸಂಜೆಯವರೆಗೂ ಅವರು ಬಿಸಿಲಿನಲ್ಲಿ ಅಲ್ಲೇ ಇರುತ್ತಾರೆ. ಎರಡು ಲೋಟ ಚಾ ಹಿಡಿದುಕೊಂಡು ರಸ್ತೆ ದಾಟಿ ಹೋಗಿ. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದು ಮುಗಿಯುವ ತನಕವಾದರೂ ಪಕ್ಕದಲ್ಲಿ ಕುಳಿತುಕೊಳ್ಳಿ. ಮಗಳಿಗೆ ನಾನು ಹೇಳಿದ್ದು ಸುಳ್ಳಾಗದಿರಲಿ.